"ಮೆತೆರ್" ಅಂದ್ರೆ ಇನ್ಸರ್ಟ್ ತಾನೆ ಮೇಡಂ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡೋದು ನನ್ನ ಹೊಟ್ಟೆಪಾಡು, ಸಂಜೆ ಹೊತ್ತು ಒಂದಷ್ಟು ಜನಕ್ಕೆ ಆನ್‌ಲೈನಲ್ಲಿ ಸ್ಪ್ಯಾನಿಷ್ ಹೇಳ್ಕೊಡ್ತೀನಿ. ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ಕೇಳೇ ಕೇಳ್ತಾರೆ, "ಮೇಡಂ, ಮೆತೆರ್ ಅಂದ್ರೆ ಇನ್ಸರ್ಟ್ ಅಂತ ಡಿಕ್ಷನರೀಲಿದೆ, ನೀವ್ಯಾಕೆ ನಾವು ಬರೆದ ಇನ್ಸರ್ಟ್‌ಗೆಲ್ಲಾ ಕೆಂಪು ಗೆರೆ ಎಳೀತೀರ?" ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಈ ಸಲ ಬರೆದೇ ಇಡ್ತೀನಿ. (ಅಂದಹಾಗೆ ಇದರ ಸ್ಪೆಲಿಂಗು ಅಮೆರಿಕದವರ ಮೀಟರ್ ಸ್ಪೆಲಿಂಗೇ. ಮೊದಲ ವಾರ ಅರ್ಧ ಕ್ಲಾಸು ಇದನ್ನ ಆಟೋ ಮೀಟರ್ ಥರಾನೇ ಓದುತ್ತೆ. ಮೆ-ತೆರ್, ಒತ್ತು ಕೊನೇಲಿ.)

ಹುಟ್ಟು ನೋಡಿದ್ರೆ ಇದು ಲ್ಯಾಟಿನ್‌ನ ಮಿತ್ತೆರೆ, ಅಂದ್ರೆ ಕಳಿಸು. ಇಂಗ್ಲಿಷ್‌ನ ಮಿಷನ್, ಅಡ್ಮಿಟ್, ಸಬ್ಮಿಟ್, ಟ್ರಾನ್ಸ್‌ಮಿಟ್ ಎಲ್ಲಾ ಇದೇ ಬೇರಿಂದ ಬಂದಿರೋವು. ಫ್ರೆಂಚರ ಮೆತ್ರ್ ಕೂಡ ಇದರದ್ದೇ ಕುಡಿ, ಆದ್ರೆ ಅವರಲ್ಲಿ ಅದು ಸುಮ್ನೆ ಇಡು, ಹಾಕು ಅಂತ ಅಗಲ ಆಗೋಯ್ತು. ಸ್ಪ್ಯಾನಿಷ್‌ನೋರು ಮಾತ್ರ ಒಳಗಡೆ ಅನ್ನೋದನ್ನ ಹಿಡ್ಕೊಂಡ್ರು. ಪುಸ್ತಕ ಮೇಜಿನ ಮೇಲಿಟ್ರೆ ಪೊನೆರ್, ಅದೇ ಪುಸ್ತಕ ಬ್ಯಾಗೊಳಗೆ ಹೋದ್ರೆ ಮೆತೆರ್, ಹೊರಗೆ ತೆಗೆದ್ರೆ ಸಾಕಾರ್. ಮೂರು ವರ್ಷದ ಮಗೂನೂ ಆಟದ ಸಾಮಾನು ಡಬ್ಬಿಗೆ ಹಾಕ್ತಾ ಮೆತೆರ್ ಅನ್ನುತ್ತೆ, ಅಷ್ಟು ಮನೆಮಾತು ಅದು.

ಇನ್ಸರ್ಟ್ ಹಾಗಲ್ವಲ್ಲ. ಅದು ಮ್ಯಾನುಯಲ್ಲು, ಮಷೀನು, ಆಸ್ಪತ್ರೆ ಭಾಷೆ. ಕಾರ್ಡು, ನಾಣ್ಯ, ಕೀ, ಸೂಜಿ, ಅಂದ್ರೆ ಅಳತೆಗೆ ಸರಿಯಾಗಿರೋ ಒಂದು ತೂತಿಗೆ ಹೋಗೋ ವಸ್ತು. ಬಟ್ಟೇನ ಬೀರುವಿಗೆ ಇನ್ಸರ್ಟ್ ಮಾಡ್ದೆ ಅಂತ ಇಂಗ್ಲಿಷರು ಯಾರೂ ಹೇಳಲ್ಲ. ಆ ಗತ್ತಿನ ಮಾತು ಬೇಕಾದಾಗ ಸ್ಪ್ಯಾನಿಷ್‌ನೋರ ಹತ್ರ ಬೇರೆ ಪದಗಳೇ ಇವೆ, ಇನ್ಸೆರ್ತಾರ್ ಮತ್ತು ಇಂತ್ರೊದುಸೀರ್. ಮ್ಯಾಡ್ರಿಡ್‌ನ ಎಟಿಎಂ ಮುಂದೆ ನಿಂತ್ರೆ ಕಾರ್ಡ್ ಹಾಕೋಕೂ "ಇಂತ್ರೊದುಸ್ಕಾ" ಅನ್ನುತ್ತೆ, ಪಿನ್ ಒತ್ತೋಕೂ ಅದೇ "ಇಂತ್ರೊದುಸ್ಕಾ" ಅನ್ನುತ್ತೆ, ಇಂಗ್ಲಿಷ್‌ಗೆ ತರುವಾಗ ಮೊದಲನೇದು ಇನ್ಸರ್ಟ್, ಎರಡನೇದು ಎಂಟರ್. ಹಾಗಂತ ಮನುಷ್ಯರನ್ನ ಇಂಟ್ರಡ್ಯೂಸ್ ಮಾಡೋಕೆ ಈ ಪದ ಬಳಸೋಕೆ ಹೋಗ್ಬೇಡಿ, ಅದಕ್ಕೆ ಪ್ರೆಸೆಂತಾರ್ ಅಂತ ಬೇರೆ ಇದೆ.

ನಾನೂ ಮೊದಲು ಇದೇ ಗುಂಡೀಲಿ ಬಿದ್ದೋಳೇ. ಕೆಲಸ ಶುರು ಮಾಡಿದ ಹೊಸದ್ರಲ್ಲಿ ಹಿಟ್ಟು ಕಲಸೋ ದೊಡ್ಡ ಮಷೀನಿನ ಮೇಲೆ ಅಂಟಿಸೋ ಎಚ್ಚರಿಕೆ ಚೀಟಿ ಬಂತು, "ನೋ ಮೆತೆರ್ ಲಾ ಮಾನೊ", ಅಂದ್ರೆ ಕೈ ಹಾಕಬೇಡಿ. ನಾನು ಡು ನಾಟ್ ಇನ್ಸರ್ಟ್ ದ ಹ್ಯಾಂಡ್ ಅಂತ ಬರೆದು ಕಳಿಸಿದೆ. ರಿವ್ಯೂ ಮಾಡೋರು ಒಂದೇ ಸಾಲು ವಾಪಸ್ ಬರೆದ್ರು: ಯಾರ ಕೈಯಮ್ಮಾ, ಕೈಯೇನು ಬಿಡಿಭಾಗಾನಾ? ಇಂಗ್ಲಿಷ್ ಮಷೀನುಗಳ ಮೇಲೆ ಇರೋದು ಕೀಪ್ ಹ್ಯಾಂಡ್ಸ್ ಕ್ಲಿಯರ್. ಅಲ್ಲಿ ಹಾಕೋದೂ ಇಲ್ಲ, ಒಳಗೂ ಇಲ್ಲ, ಕೈ ದೂರ ಇಟ್ಕೊಳ್ಳಿ ಅಷ್ಟೇ. ಆವತ್ತು ಅವಮಾನ ಆಯ್ತು, ಆದ್ರೆ ಅವರು ಹೇಳಿದ್ದೇ ಸರಿ.

ಇದರ ಹಿಂದೆ ಒಂದು ದೊಡ್ಡ ಸಂಗತಿ ಇದೆ. ಲೆನರ್ಡ್ ಟಾಲ್ಮಿ ಅನ್ನೋ ಭಾಷಾವಿಜ್ಞಾನಿ ಚಲನೆ ಹೇಳೋ ರೀತಿ ಮೇಲೆ ಭಾಷೆಗಳನ್ನ ಎರಡು ಬಗೆ ಮಾಡಿದ್ರು. ಸ್ಪ್ಯಾನಿಷ್‌ನಂಥವು ಒಳಗೆ, ಹೊರಗೆ, ಮೇಲೆ ಅನ್ನೋ ದಾರೀನ ಕ್ರಿಯಾಪದದ ಹೊಟ್ಟೇಲೇ ಇಟ್ಕೊಳ್ತವೆ, ಹೇಗೆ ಹೋಯ್ತು ಅನ್ನೋದನ್ನ ಬೇಕಿದ್ರೆ ಹೇಳ್ತವೆ ಇಲ್ಲಾಂದ್ರೆ ಬಿಡ್ತವೆ. ಇಂಗ್ಲಿಷ್ ಉಲ್ಟಾ, ಅದು ದಾರೀನ ಇನ್, ಇಂಟು ಅನ್ನೋ ಚಿಕ್ಕ ಪದಕ್ಕೆ ವಹಿಸಿ, ಕ್ರಿಯಾಪದದಲ್ಲಿ ಹೇಗೆ ಅನ್ನೋದನ್ನ ತುಂಬುತ್ತೆ: ಸ್ಲಿಪ್, ಟಕ್, ಸ್ಟಫ್, ಶವ್, ಕ್ರ್ಯಾಮ್, ಪೋಕ್. ಸೊ ಮೆತೆರ್ ಬಂದಾಗೆಲ್ಲಾ ಮೂಲದಲ್ಲಿ ಇಲ್ಲದ ಒಂದು ವಿಷಯವನ್ನ ಇಂಗ್ಲಿಷ್ ನಿಮ್ಮ ಹತ್ರ ಕೇಳ್ತಿರುತ್ತೆ. ಅದಕ್ಕೇ ಕ್ಲಾಸಲ್ಲಿ ಹೇಳೋದು, ಕ್ರಿಯಾಪದವನ್ನೇ ದಿಟ್ಟಿಸ್ಬೇಡಿ, ಒಳಗೆ ಹೋಗ್ತಿರೋದು ಏನು, ತೂತು ಎಷ್ಟಿದೆ, ಹಾಕ್ತಿರೋರು ಯಾವ ಮೂಡಲ್ಲಿದ್ದಾರೆ ನೋಡಿ ಅಂತ.

ನಾನು ಯಾವಾಗ್ಲೂ ಕೊಡೋ ವಾಕ್ಯ ಇದು: "ಮಿ ಅಬ್ವೇಲಾ ಮೆ ಮೆತ್ಯೋ ಉನ್ ಬಿಯೆತೆ ಎನ್ ಎಲ್ ಬೊಲ್ಸಿಯೊ." ಅಜ್ಜಿ ನನ್ನ ಜೇಬಿಗೆ ಒಂದು ನೋಟು ಮೆತೆರ್ ಮಾಡಿದ್ಲು. ಪುಟ್ ಅಂದ್ರೆ ತಪ್ಪಿಲ್ಲ, ಆದ್ರೆ ಸಪ್ಪೆ. ಸ್ಲಿಪ್ಡ್ ಅಂದ್ರೆ ಅಪ್ಪನಿಗೆ ಕಾಣದ ಹಾಗೆ ಮೆಲ್ಲಗೆ ಇಟ್ಟಳು ಅಂತ, ಟಕ್ಡ್ ಅಂದ್ರೆ ಬೀಳದ ಹಾಗೆ ಒಳಗೆ ಸೇರಿಸಿ ಜೇಬು ತಟ್ಟಿದಳು ಅಂತ, ಸ್ಟಫ್ಡ್ ಅಂದ್ರೆ ನಾನು ಬೇಡ ಬೇಡ ಅಂತ ಕೊಸರಾಡ್ತಿದ್ರೂ ಬಿಡದೆ ತುರುಕಿದಳು. ನಮ್ಮಜ್ಜಿ ಮೂರನೇ ಥರದವಳು, ಬಸ್ ಹೊರಡೋ ಹೊತ್ತಿಗೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆ ಮಾಡಿದ ಐವತ್ತರ ನೋಟನ್ನ ಕಿಟಕಿಯಿಂದಲೇ ತುರುಕೋಳು, ಅದಕ್ಕೆ ನನ್ನ ಕೈ ತಾನಾಗೇ ಸ್ಟಫ್ಡ್ ಅಂತ ಬರೆಯುತ್ತೆ. ಆದ್ರೆ ಅದು ನಮ್ಮಜ್ಜಿ, ಕಥೇಲಿರೋ ಅಜ್ಜಿ ಅಲ್ಲ. ಹಿಂದಿನ ಪುಟದಲ್ಲಿ ಅವಳು ಹೇಗೆ ನಡ್ಕೊಂಡ್ಲು ಅಂತ ನೋಡ್ಕೊಂಡು ಬಂದೇ ಪದ ಇಡ್ಬೇಕು.

ಇಲ್ಲಿ ಕನ್ನಡದೋರಿಗೆ ಒಂದು ಅನುಕೂಲ ಇದೆ. ನಮ್ಮ ಹತ್ರ ಎಲ್ಲದಕ್ಕೂ ಸಲ್ಲೋ "ಹಾಕು" ಇದೆ, ಜೊತೆಗೆ ತುರುಕು, ತೂರಿಸು, ಸಿಕ್ಕಿಸು, ಪೋಣಿಸು, ಚುಚ್ಚು, ಅದ್ದು ಎಲ್ಲಾ ಇವೆ. ಮೆತೆರ್‌ನ ಮೊದಲು ಮನಸ್ಸಲ್ಲೇ ಕನ್ನಡಕ್ಕೆ ತನ್ನಿ, ಸೂಜಿಗೆ ದಾರ ಪೋಣಿಸ್ತಿದ್ದಾರಾ, ಕಿವಿ ಹಿಂದೆ ಪೆನ್ಸಿಲ್ ಸಿಕ್ಕಿಸ್ತಿದ್ದಾರಾ ಅಂತ ಗೊತ್ತಾದ ಮೇಲೆ ಥ್ರೆಡ್, ಸ್ಟಿಕ್ ಅಂತ ತಾನಾಗೇ ಬರುತ್ತೆ. ಮೂಗು ತೂರಿಸೋದಂತೂ ಅವರಲ್ಲೂ ಮೂಗು ಮೆತೆರ್ ಮಾಡೋದೇ. ಆದ್ರೆ ಒಂದು ಕಡೆ ಕನ್ನಡಾನೇ ಕೈಕೊಡುತ್ತೆ. ಶರ್ಟನ್ನ ಪ್ಯಾಂಟೊಳಗೆ ಸೇರಿಸೋದು ಮೆತೆರ್ಸೆ ಲಾ ಕಮೀಸಾ. ಸ್ಕೂಲಲ್ಲಿ ಪಿಟಿ ಮೇಷ್ಟ್ರು "ಇನ್‌ಶರ್ಟ್ ಮಾಡ್ರೋ" ಅಂತ ಗದರಿಸಿದ್ದು ತಲೇಲಿ ಕೂತಿರೋದ್ರಿಂದ ವರ್ಷಕ್ಕೊಬ್ರಾದ್ರೂ ಇನ್ಸರ್ಟ್ ಯುವರ್ ಶರ್ಟ್ ಅಂತ ಬರೆದುಕೊಡ್ತಾರೆ. ಟಕ್ ಇನ್ ಕಣ್ರಪ್ಪಾ.

ಇನ್ನು ನುಡಿಗಟ್ಟುಗಳ ಕಥೆ ಬೇರೇನೇ. ಗೋಲು ಹೊಡೆಯೋದು ಮೆತೆರ್ ಉನ್ ಗೋಲ್. 2010ರ ವಿಶ್ವಕಪ್ ಫೈನಲ್, ಜೋಹಾನ್ಸ್‌ಬರ್ಗ್, ನೆದರ್ಲೆಂಡ್ಸ್ ವಿರುದ್ಧ 116ನೇ ನಿಮಿಷದಲ್ಲಿ ಸ್ಪೇನ್‌ನ ಆಟಗಾರ ಇನಿಯೆಸ್ತಾ ಮಾಡಿದ್ದು ಅದನ್ನೇ, ಅಲ್ಲಿ ಇನ್ಸರ್ಟ್ ಅಂತ ಬರೆದ್ರೆ ಇಡೀ ಸ್ಪೇನ್ ನಗುತ್ತೆ, ಸ್ಕೋರ್ಡ್ ಅನ್ನಿ. ಫಸ್ಟ್ ಗೇರ್ ಹಾಕೋದು, ಫೋಟೋಗೆ ಹೊಟ್ಟೆ ಒಳಗೆ ಎಳ್ಕೊಳ್ಳೋದು, ಅಗಲ ಆದ ಡ್ರೆಸ್ ಟೈಟ್ ಮಾಡಿಸೋದು, ಕ್ರೈಸ್ತ ಸನ್ಯಾಸಿನಿ ಆಗೋದು, ಎಲ್ಲಾ ಮೆತೆರೇ. ಮೆಕ್ಸಿಕೋದಲ್ಲಂತೂ ಸೂರ್ಯ ಮುಳುಗಿದ್ರೂ "ಸೆ ಮೆತ್ಯೋ ಎಲ್ ಸೋಲ್" ಅಂತಾರೆ, ಸೂರ್ಯ ಒಳಗೆ ಸೇರ್ಕೊಂಡ. ನಂಗೆ ತುಂಬಾ ಇಷ್ಟ ಅದು.

ಮೆತೆರ್ ಲಾ ಪಾತಾ, ಪ್ರಾಣಿಯ ಕಾಲು ಒಳಗೆ ಹಾಕೋದು, ಅಂದ್ರೆ ಎಡವಟ್ಟು. ಇಂಗ್ಲಿಷ್‌ನಲ್ಲೂ ಪುಟ್ ಯುವರ್ ಫುಟ್ ಇನ್ ಇಟ್ ಇದೆ ಅಂತ ಖುಷಿಯಾಗಿ ಎಲ್ಲರೂ ಅದನ್ನೇ ಇಡ್ತಾರೆ. ಸ್ವಲ್ಪ ತಡೀರಿ. ಇಂಗ್ಲಿಷ್‌ದು ಹೆಚ್ಚಾಗಿ ಆಡಬಾರದ ಮಾತಾಡಿ ಪೇಚಿಗೆ ಸಿಕ್ಕೋದು, ಸ್ಪ್ಯಾನಿಷ್‌ದು ಲೆಕ್ಕ ತಪ್ಪಿದ್ರೂ, ರಾಂಗ್ ಬಸ್ ಹತ್ತಿದ್ರೂ ಆಗುತ್ತೆ, ಅಲ್ಲಿ ಮೆಸ್ಡ್ ಅಪ್ ವಾಸಿ.

ಕೈಯ ವಿಷಯದಲ್ಲಿ ಇನ್ನೂ ಹುಷಾರು. ಮೆತೆರ್ ಲಾ ಮಾನೊ ಅಂದ್ರೆ ಜೇಬಿಗೋ ಡಬ್ಬಿಗೋ ಕೈ ಹಾಕೋದು, ಆ "ಲಾ" ಬಿಟ್ಟು ಒಬ್ಬರಿಗೆ ಮೆತೆರ್ ಮಾನೊ ಮಾಡಿದ ಅಂದ್ರೆ ಮೈಗೆ ಕೈ ಹಾಕಿದ ಅಂತ, ಗ್ರೋಪ್. ಅದೇ ಒಂದು ಕೆಲಸಕ್ಕೆ ಅಂದ್ರೆ ಕೆಲಸಕ್ಕೆ ಕೈ ಹಾಕಿದ. ಕನ್ನಡದಲ್ಲೂ ಥೇಟ್ ಹೀಗೇ ಇರೋದ್ರಿಂದ ನಮಗೆ ಅರ್ಥ ಆಗೋಕೆ ಒಂದು ಸೆಕೆಂಡೂ ಬೇಡ, ಆದ್ರೆ ಇಂಗ್ಲಿಷ್‌ಗೆ ಹೋಗುವಾಗ ಮೂರಕ್ಕೂ ಮೂರು ಬೇರೆ ಪದ ಬೇಕು.

ಹೋದ ವಾರ ಒಬ್ರು ವಾಟ್ಸಾಪಲ್ಲಿ "ಮೆ ಮೆತ್ಯೆರೋನ್ ಉನ್ ಬಿಯೆತೆ ಫಾಲ್ಸೊ" ಅಂತ ಕಳಿಸಿ, ಇದೂ ಅಜ್ಜಿ ವಾಕ್ಯದ ಥರಾನೇ ಇದೆಯಲ್ಲ ಮೇಡಂ, ಖೋಟಾ ನೋಟನ್ನ ಜೇಬಿಗೆ ತುರುಕಿದ್ರಾ, ಸ್ಟಫ್ಡ್ ಹಾಕ್ಲಾ ಅಂತ ಕೇಳಿದ್ರು. ಇಲ್ಲಿ ಜೇಬೇ ಇಲ್ವಲ್ಲ, ಅಂಗಡೀಲಿ ಚಿಲ್ಲರೆ ಜೊತೆ ಒಂದು ಖೋಟಾ ನೋಟು ಸೇರಿಸಿ ಕೊಟ್ಟು ಟೋಪಿ ಹಾಕಿದ್ದಾರೆ, ಇಂಥಾದ್ದಕ್ಕೆ ನಾವೇನಂತೀವಿ ಅಂತ ತಿರುಗಿ ಕೇಳಿದೆ. "ದಾಟಿಸಿಬಿಟ್ರು" ಅಂತ ಬಂತು. ಸರಿ, ಹಾಗಾದ್ರೆ ಇಂಗ್ಲಿಷ್‌ನಲ್ಲಿ ಪಾಸ್ಡ್ ಅಂತ ಹಾಕಿ ಅಂದೆ.