ಊದಿ ಊದಿ ಊದಿ... ಇನ್ನೂ ಊದಿ ಅಂಕಲ್

ಪಿಎಫ್‌ಟಿ, ಅಂದ್ರೆ ಶ್ವಾಸಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ನೋಡೋ ಟೆಸ್ಟ್ ರೂಮಲ್ಲಿ ನನ್ನ ಕೆಲಸ ಅಂದ್ರೆ ದಿನಾ ಕಿರುಚೋದು. ಪೇಷೆಂಟ್ ಮೂಗಿಗೆ ಕ್ಲಿಪ್ ಹಾಕಿ ಬಾಯಿಗೆ ಪೈಪ್ ಕೊಟ್ಟು "ಉಸಿರು ಪೂರ್ತಿ ಎಳ್ಕೊಳ್ಳಿ, ಹಾಂ ಈಗ ಜೋರಾಗಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಇನ್ನೂ" ಅಂತ 6 ಸೆಕೆಂಡ್ ಆಗೋವರ್ಗೂ ಕೂಗ್ಬೇಕು, ಸಂಜೆ ಹೊತ್ತಿಗೆ ಅವರಿಗಿಂತ ನನಗೇ ಗಂಟಲು ಕಟ್ಟಿರುತ್ತೆ.

ಹೋದ ವಾರ ಒಬ್ರು ಅಂಕಲ್ ಬಂದಿದ್ರು. ತೆಲಂಗಾಣ ಕಡೆ ಕಲ್ಲಿದ್ದಲು ಗಣೀಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ರಿಟೈರ್ ಆಗಿ ಈಗ ಮಗಳ ಮನೇಲಿ ಇದಾರೆ. ಎಕ್ಸ್‌ರೇಲಿ ಅಲ್ಲಲ್ಲಿ ಸಣ್ಣ ಚುಕ್ಕೆ ಅಷ್ಟೇ. ಊದಿದ್ದೂ ಚೆನ್ನಾಗೇ ಬಂತು, ಮೊದಲ ಸೆಕೆಂಡಿನ ಗಾಳಿ, ಒಟ್ಟು ಗಾಳಿ ಎರಡೂ ಅವರ ವಯಸ್ಸು ಎತ್ತರಕ್ಕೆ ನಾರ್ಮಲ್. ಆದ್ರೆ ವೇಟಿಂಗ್ ಹಾಲಿಂದ ನನ್ನ ರೂಮಿಗೆ ಬರೋಷ್ಟರಲ್ಲಿ ಎರಡು ಸಲ ಗೋಡೆ ಹಿಡ್ಕೊಂಡು ನಿಂತಿದ್ರು, ಕಣ್ಣಾರೆ ನೋಡಿದೀನಿ.

ಇಂಥವರನ್ನ ನೋಡಿದಾಗೆಲ್ಲ ನಂಗೆ ಅಮೆರಿಕದ ಡಾಕ್ಟರ್ ಡೊನಾಲ್ಡ್ ರಾಸ್ಮುಸೆನ್ ನೆನಪಾಗ್ತಾರೆ. 1962ರಲ್ಲಿ ವೆಸ್ಟ್ ವರ್ಜೀನಿಯಾದ ಬೆಕ್ಲಿ ಅನ್ನೋ ಊರಿಗೆ ಬಂದವರು. ಆಗೆಲ್ಲ ಎಕ್ಸ್‌ರೇ ಸರಿ ಇದ್ಮೇಲೆ ಬ್ಲ್ಯಾಕ್ ಲಂಗ್ (ಕಲ್ಲಿದ್ದಲು ಗಣಿ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ) ಎಲ್ಲಿ ಬಂತು ಅನ್ನೋ ಕಾಲ. ಇವರು ಗಣಿ ಕೆಲಸಗಾರರಿಗೆ ಮೈ ದಣಿಯೋ ಹಾಗೆ ಎಕ್ಸರ್‌ಸೈಜ್ ಮಾಡ್ಸಿ ಅಪಧಮನಿಯಿಂದ ರಕ್ತ ತೆಗೆದು ನೋಡಿದ್ರೆ ಎಷ್ಟೋ ಜನಕ್ಕೆ ಆಕ್ಸಿಜನ್ ಇಳಿದಿತ್ತು, ಸುಮ್ನೆ ಕೂತಾಗ ಮಾತ್ರ ಎಲ್ಲ ಸರಿ.

ಫಿಲ್ಟರ್ ಕಾಫಿ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಮೇಲಿನ ಡಬ್ಬ ಎಷ್ಟು ನೀರು ಹಿಡಿಯುತ್ತೆ ಅಂತ ಅಳೆದ್ರೆ ಕೆಳಗೆ ತೂತು ಕಟ್ಟಿರೋದು ಗೊತ್ತಾಗುತ್ತಾ? ಊದೋ ಟೆಸ್ಟ್ ಹೇಳೋದು ಡಬ್ಬದ ಕಥೆ. ಗಣಿಯ ಸಣ್ಣ ಧೂಳು ಶ್ವಾಸಕೋಶದ ತೀರಾ ಒಳಗೆ ಹೋಗಿ ಕೂತು, ಗಾಳಿಯಿಂದ ರಕ್ತಕ್ಕೆ ಆಕ್ಸಿಜನ್ ದಾಟೋ ಜಾಗಾನೇ ಹಾಳು ಮಾಡಿರುತ್ತೆ, ಹೋದದ್ದು ಮತ್ತೆ ಬರಲ್ಲ.

ಆಮೇಲೆ 1968ರ ನವೆಂಬರಲ್ಲಿ ಅದೇ ರಾಜ್ಯದ ಫಾರ್ಮಿಂಗ್ಟನ್ ಅನ್ನೋ ಊರಿನ ಗಣಿ ಸ್ಫೋಟದಲ್ಲಿ 78 ಜನ ಸತ್ರು, 1969ರ ಫೆಬ್ರವರೀಲಿ ವೆಸ್ಟ್ ವರ್ಜೀನಿಯಾದಲ್ಲಿ ಸುಮಾರು 40,000 ಕೆಲಸಗಾರರು ಈ ಕಾಯಿಲೆಗೆ ಪರಿಹಾರ ಕೊಡಿ ಅಂತ ಕೆಲಸ ನಿಲ್ಲಿಸಿದ್ರು, ಆ ವರ್ಷದ ಕೊನೇಲಿ ಧೂಳಿಗೆ ಮಿತಿ ಹಾಕೋ ಕೇಂದ್ರ ಕಾನೂನೂ ಬಂತು. ಮುಗೀತು ಅನ್ಕೊಂಡ್ರಾ? 2018ರಲ್ಲಿ ವರ್ಜೀನಿಯಾದ ಬರೀ 3 ಕ್ಲಿನಿಕ್ಕಲ್ಲಿ, ಸುಮಾರು 4 ವರ್ಷದಲ್ಲಿ, ಕಾಯಿಲೆ ತೀರಾ ಮುಂದುವರಿದ 416 ಜನ ಸಿಕ್ಕಿದ್ರು ಅಂತ ವರದಿ ಆಯ್ತು. ಅಲ್ಲಿ ದಪ್ಪ ಕಲ್ಲಿದ್ದಲು ಪದರ ಬಹುತೇಕ ಖಾಲಿ, ಈಗ ತೆಳ್ಳಗಿರೋದನ್ನ ತೆಗೆಯೋಕೆ ಬಂಡೆನೂ ಕೊರೀತಾರೆ, ಆ ಬಂಡೆ ಧೂಳಲ್ಲಿ ಸಿಲಿಕಾ. ನಮ್ಮ ಕೆಜಿಎಫ್ ಚಿನ್ನದ ಗಣೀಲಿ ಜನರ ಎದೆ ತಿಂದಿದ್ದೂ ಇದೇ ಸಿಲಿಕಾ.

ಅಂಕಲ್‌ಗೆ ಇನ್ನೊಂದು ಟೆಸ್ಟ್ ಬಾಕಿ ಇತ್ತು, ಚೂರೇ ಚೂರು ಕಾರ್ಬನ್ ಮಾನಾಕ್ಸೈಡ್ ಇರೋ ಗಾಳಿ ಎಳ್ಕೊಂಡು 10 ಸೆಕೆಂಡ್ ಹಿಡಿದಿಟ್ಕೋಬೇಕು, ರಕ್ತಕ್ಕೆ ಎಷ್ಟು ದಾಟ್ತು ಅಂತ ಮಷಿನ್ ಹೇಳುತ್ತೆ. ಮೊದಲ ಸಲ 7ಕ್ಕೇ ಕೆಮ್ಮು ಬಂತು, ಆಮೇಲೆ ಹೆಂಗೋ ಎರಡು ಸಲ ಹಿಡಿದ್ರು, ಸ್ಕ್ರೀನ್ ಮೇಲೆ ನಂಬರ್ ತುಂಬಾ ಕೆಳಗಿತ್ತು.

"ಪಾಸಾ ಅಮ್ಮಾ?" ಅಂದ್ರು.

"ಡಾಕ್ಟರ್ ಹೇಳ್ತಾರೆ ಅಂಕಲ್" ಅಂದೆ, ರಿಸಲ್ಟ್ ಹೇಳೋ ಹಾಗಿಲ್ಲ ನಾವು. ಡಾಕ್ಟರ್ ರೂಮಿಗೆ ಮೆಟ್ಟಿಲೇ ಹತ್ತಿರ, ಆದ್ರೂ ಸುತ್ತು ಹಾಕಿ ಲಿಫ್ಟ್ ಹತ್ರ ಕರ್ಕೊಂಡು ಹೋದೆ.