ಐವಿ ಬಳ್ಳಿಯನ್ನು ಎಳೆದ ದಿನ

ಹಂಪಿಯ ಗ್ರಾನೈಟ್ ಕಲ್ಲಿನ ಮಂಟಪಗಳ ದುರಸ್ತಿಯಲ್ಲಿ ಕೆಲಸ ಕಲಿತು ಇಂಗ್ಲೆಂಡಿಗೆ ಬಂದ ನನಗೆ, ಕಾಟ್ಸ್‌ವೋಲ್ಡ್ಸ್ ಸೀಮೆಯ ಚರ್ಚ್ ಅಂಗಳಗಳಲ್ಲಿರುವ ಪೆಟ್ಟಿಗೆಯಾಕಾರದ ಗೋರಿಗಳು ಮೊದಲ ನೋಟಕ್ಕೆ ಗಟ್ಟಿ ಬಂಡೆಗಳಂತೆ ಕಂಡಿದ್ದವು. ವಾಸ್ತವದಲ್ಲಿ ಅವು ಹೆಚ್ಚಾಗಿ ಟೊಳ್ಳು. ಶವವಿರುವುದು ನೆಲದಡಿಯಲ್ಲಿ; ಮೇಲಿರುವುದು ತೆಳುವಾದ ಚಪ್ಪಡಿಗಳನ್ನು ನಾಲ್ಕು ಬದಿಗೆ ನಿಲ್ಲಿಸಿ, ಕಬ್ಬಿಣದ ಕೊಂಡಿಗಳಿಂದ ಬಿಗಿದು, ಭಾರವಾದ ಮುಚ್ಚುಗಲ್ಲನ್ನು ಹೊದಿಸಿದ ಸ್ಮಾರಕ ಮಾತ್ರ.

ಉಣ್ಣೆಯ ವ್ಯಾಪಾರದಿಂದ ಸಿರಿವಂತರಾದವರು 17 ಮತ್ತು 18ನೆಯ ಶತಮಾನಗಳಲ್ಲಿ ಇಂಥ ಗೋರಿಗಳನ್ನು ಮಾಡಿಸಿದರು. ಅಲ್ಲಿಯ ಸುಣ್ಣಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿರುವುದರಿಂದ ರೆಕ್ಕೆಯ ಶಿಶುಮುಖ, ತಲೆಬುರುಡೆ, ಹೂಹಾರಗಳನ್ನು ಆಳವಾಗಿ ಕೆತ್ತಲು ಸಾಧ್ಯವಾಯಿತು. ಬರ್ಫರ್ಡ್‌ನಲ್ಲಿ ಕೆಲವು ಗೋರಿಗಳ ಮೇಲೆ ಅರ್ಧ ಉರುಳೆಯಂಥ ಕಲ್ಲಿದೆ. ಅದು ಉಣ್ಣೆಯ ಮೂಟೆ ಎಂಬುದು ಜನರ ಮಾತು, ಶವಪೆಟ್ಟಿಗೆಯ ಮೇಲಿಡುತ್ತಿದ್ದ ಲೋಹದ ಚೌಕಟ್ಟಿನ ಅನುಕರಣೆ ಎಂಬುದು ಇನ್ನೊಂದು ವಾದ. ಪೇನ್ಸ್‌ವಿಕ್‌ನಲ್ಲಿ ಇಂಥ ಗೋರಿಗಳನ್ನು ಕೆತ್ತಿದ ಮನೆತನಕ್ಕೆ ಸೇರಿದ, 1787ರಲ್ಲಿ ತೀರಿಕೊಂಡ ಶಿಲ್ಪಿ ಜಾನ್ ಬ್ರಯನ್‌ಗೆ ಮಾತ್ರ ಪೆಟ್ಟಿಗೆಯಲ್ಲ, ಪಿರಮಿಡ್ಡಿನ ಗೋರಿಯಿದೆ.

ನಾನು ತಪ್ಪು ಮಾಡಿದ್ದು ಬೇರೊಂದು ಹಳ್ಳಿಯಲ್ಲಿ. ಗೋರಿಯೊಂದನ್ನು ಅಳೆದು ದಾಖಲಿಸುವ ಕೆಲಸವಿತ್ತು. ಮೂಲೆಯಲ್ಲಿದ್ದ ಸೀಳನ್ನು ನೆಲ ಕುಸಿದದ್ದರ ಗುರುತೆಂದು ಬರೆದುಕೊಂಡೆ. ಐವಿ ಬಳ್ಳಿ ಶಾಸನವನ್ನು ಮುಚ್ಚಿದ್ದರಿಂದ, ಅದರ ದಪ್ಪ ಕಾಂಡವೊಂದನ್ನು ಹಿಡಿದು ಎಳೆದೆ. ಬಳ್ಳಿಯೊಡನೆ ಪಕ್ಕದ ಚಪ್ಪಡಿಯೂ ಬೆರಳಗಲ ಮುಂದಕ್ಕೆ ಬಂತು. ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಹಿರಿಯ ಕುಶಲಕರ್ಮಿ ಮರದ ಆನಿಕೆ ತರುವವರೆಗೆ ಅಲ್ಲಾಡದೆ ನಿಂತಿದ್ದೆ.

ಅವರು ಬೈಯಲಿಲ್ಲ; ಮೂಲೆಯ ಸೀಳಿಗೆ ಟಾರ್ಚ್ ಹಿಡಿದು ಕಂದು ಬಣ್ಣದ ಕಲೆಯನ್ನು ತೋರಿಸಿದರು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಒಳಗಿನ ಕೊಂಡಿ ಉಬ್ಬಿ ಕಲ್ಲನ್ನು ಸೀಳಿತ್ತು. ನೆಲ ಎಲ್ಲಿಯೂ ಕುಸಿದಿರಲಿಲ್ಲ. ಹಿಂದೆ ಯಾರೋ ಸಂದುಗಳಿಗೆ ಮೆತ್ತಿದ್ದ ಸಿಮೆಂಟ್ ನೀರನ್ನು ಒಳಗೇ ಹಿಡಿದಿಟ್ಟು ಆ ತುಕ್ಕನ್ನು ಬೆಳೆಸಿತ್ತು. ಕೊಂಡಿ ಸತ್ತ ಮೇಲೆ ಚಪ್ಪಡಿಯನ್ನು ಹಿಡಿದು ನಿಲ್ಲಿಸಿದ್ದು ನಾನು ಶತ್ರುವೆಂದುಕೊಂಡಿದ್ದ ಬಳ್ಳಿಯೇ. ಅದನ್ನು ಬುಡದಲ್ಲಿ ಕತ್ತರಿಸಿ, ಒಣಗುವವರೆಗೆ ಕಾದು, ಚಪ್ಪಡಿಗಳಿಗೆ ಆನಿಕೆ ಕೊಟ್ಟ ಮೇಲಷ್ಟೇ ತುಂಡುತುಂಡಾಗಿ ಬಿಡಿಸಬೇಕಿತ್ತು.

ಚರ್ಚಿನ ಆಡಳಿತದಿಂದ ‘ಫ್ಯಾಕಲ್ಟಿ’ ಎಂಬ ಅನುಮತಿ ಪಡೆದು ಗೋರಿಯನ್ನು ಬಿಚ್ಚಿದೆವು. ಕಬ್ಬಿಣದ ಬದಲು ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿ, ಸಿಮೆಂಟಿನ ಬದಲು ಸುಣ್ಣದ ಗಾರೆ ಬಂದವು. ಮುಚ್ಚುಗಲ್ಲಿನ ಮೇಲೆ ಬೆಳೆದಿದ್ದ ಕಲ್ಲುಹೂವನ್ನು ಉಜ್ಜಿ ತೆಗೆಯಲು ಹೊರಟಾಗ ಹಿರಿಯರು ಮತ್ತೆ ತಡೆದರು: ಅದು ಬಹು ನಿಧಾನವಾಗಿ ಬೆಳೆಯುವ ಜೀವಿ, ಉಜ್ಜಿದರೆ ಕೆತ್ತನೆಯ ಮೇಲ್ಪದರವೂ ಜೊತೆಗೆ ಹೋಗುತ್ತದೆ. ನಮ್ಮಲ್ಲಿ ಅದನ್ನು ಮಸಾಲೆಗೆ ಹಾಕುತ್ತೇವೆ ಎಂದೆ. ಅವರು ನಂಬಲಿಲ್ಲ, ಮರುವಾರ ಪೊಟ್ಟಣ ತಂದು ತೋರಿಸಬೇಕಾಯಿತು.