ಮುಳ್ಳು ತಾಗಿಸದೆ ಕೇಳಿಸಿಕೊಂಡ ದನಿಗಳು

ಹೋದ ವಾರ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಸುಮಾರು 20 ಸೆಕೆಂಡಿನ ಒಂದು ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿದೆ. ಯಾರೋ ಫ್ರೆಂಚ್ ಜನಪದ ಹಾಡಿನ ಒಂದು ಸಾಲು ಹಾಡುತ್ತಿದ್ದಾರೆ. ದನಿ ಮಂಜಿನ ಹಿಂದಿನಿಂದ ಬಂದ ಹಾಗಿದೆ. ಅದು 1860ರ ಏಪ್ರಿಲ್ 9ರದ್ದು. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ, ಅಂದರೆ ಇದು ಅದಕ್ಕಿಂತ 17 ವರ್ಷ ಹಳೆಯದು!

ಅದನ್ನು ದಾಖಲಿಸಿದ್ದು ಫ್ರಾನ್ಸಿನ ಎದುವಾರ್-ಲೆಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್. ದೀಪದ ಮಸಿ ಹಿಡಿಸಿದ ಕಾಗದವನ್ನು ಸಿಲಿಂಡರಿಗೆ ಸುತ್ತಿ, ದನಿಗೆ ಅಲುಗಾಡುವ ಒಂದು ಬಿರುಗೂದಲಿನಿಂದ ಅದರ ಮೇಲೆ ಗೆರೆ ಎಳೆಸುವ ಯಂತ್ರ ಅವರದ್ದು. ಅದನ್ನು ವಾಪಸ್ ಕೇಳಬಹುದು ಅನ್ನೋ ಯೋಚನೆಯೇ ಅವರಿಗಿರಲಿಲ್ಲ, ದನಿಯನ್ನು ಕಣ್ಣಿಂದ ನೋಡಬೇಕು ಅಂತಷ್ಟೇ ಆಸೆ. 2008ರಲ್ಲಿ ಆ ಕಾಗದಗಳ ಚಿತ್ರ ತೆಗೆದು, ಗೆರೆಯ ಏರಿಳಿತವನ್ನು ಕಂಪ್ಯೂಟರಿನಲ್ಲಿ ಅಳೆದು, ದನಿ ಹೊರಡಿಸಿದರು. ಅದನ್ನು ಕೇಳಿದವರೆಲ್ಲ ಇದು ಹೆಣ್ಣಿನ ದನಿ, ಬಹುಶಃ ಚಿಕ್ಕ ಹುಡುಗಿಯದು ಅಂದುಕೊಂಡರು. ಮರುವರ್ಷ ಗೊತ್ತಾಯಿತು, ಅದು ದುಪ್ಪಟ್ಟು ವೇಗದಲ್ಲಿ ಓಡಿತ್ತು. ಸರಿಯಾದ ವೇಗಕ್ಕೆ ಇಳಿಸಿದರೆ ಒಬ್ಬ ಗಂಡಸು ನಿಧಾನವಾಗಿ, ಒಂದೊಂದೇ ಸ್ವರ ಎಳೆದು ಹಾಡುತ್ತಿದ್ದಾನೆ. ಬಹುಶಃ ಸ್ಕಾಟ್ ಅವರೇ.

ತಪ್ಪು ಹೇಗೆ ಸಿಕ್ಕಿತು ಅನ್ನೋದೇ ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ. ಹಾಡಿನ ಗೆರೆಯ ಪಕ್ಕದಲ್ಲೇ ಒಂದು ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ಯಾವಾಗಲೂ ಒಂದೇ ವೇಗದಲ್ಲಿ ಕಂಪಿಸುವ ಲೋಹದ ಕವಲು, ಕೂಡ ಗೆರೆ ಎಳೆದಿತ್ತು. ಕೈಯಲ್ಲಿ ತಿರುಗಿಸುವ ಸಿಲಿಂಡರು ಒಮ್ಮೆ ಜೋರು, ಒಮ್ಮೆ ನಿಧಾನ ಆಗುತ್ತದೆ, ಅಲ್ವಾ? ಪಕ್ಕದ ಗೆರೆ ಅದಕ್ಕೆ ಗಡಿಯಾರದ ಹಾಗೆ. ಆ ಕಾಲದ ಫ್ರಾನ್ಸಿನಲ್ಲಿ ಕಂಪನ ಎಣಿಸುವ ರೂಢಿ ಬೇರೆ ಇತ್ತು. ನಾವು ಹೋಗಿ ಬರುವುದನ್ನು ಸೇರಿಸಿ ಒಂದು ಅಂತೀವಿ, ಅವರು ಹೋಗುವುದನ್ನು ಒಂದು, ಬರುವುದನ್ನು ಇನ್ನೊಂದು ಅಂತ ಎಣಿಸುತ್ತಿದ್ದರು. ಹಾಗಾಗಿ ಆ ಫೋರ್ಕಿಗೆ ಅವರು ಹೇಳುವ ಸೆಕೆಂಡಿಗೆ 500 ಕಂಪನ ನಮ್ಮ ಲೆಕ್ಕದಲ್ಲಿ 250. ಹುಡುಗಿ ಗಂಡಸಾಗಿದ್ದು ಅಷ್ಟರಿಂದಲೇ. ಕಾಗದದ ಮೇಲೆ ಆ ಗೆರೆ ಉಳಿದಿತ್ತು, ಅದಕ್ಕೇ ತಿದ್ದೋಕೆ ಆಯಿತು.

ಚಿತ್ರದಿಂದ ದನಿ ಹೊರಡಿಸುವ ಈ ವಿದ್ಯೆ ಬೆಳೆದದ್ದು ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ. ಅಲ್ಲಿನ ಕಾರ್ಲ್ ಹೇಬರ್ ಕಣ ಭೌತಶಾಸ್ತ್ರದವರು. ಕಣಗಳ ಜಾಡು ಹಿಡಿಯುವ ಸಿಲಿಕಾನ್ ಡಿಟೆಕ್ಟರುಗಳನ್ನು ಕಟ್ಟುವುದು ಅವರ ಕೆಲಸ. ಅದರ ಪಟ್ಟಿಗಳು ಎಲ್ಲಿ ಕೂತಿವೆ ಅನ್ನೋದನ್ನು ಮೈಕ್ರಾನ್ ಲೆಕ್ಕದಲ್ಲಿ, ಮುಟ್ಟದೆ, ಕ್ಯಾಮೆರಾದಿಂದಲೇ ಅಳೆಯಬೇಕಾಗುತ್ತದೆ. 2000ದಲ್ಲಿ ಒಂದು ದಿನ ಅವರು ರೇಡಿಯೋದಲ್ಲಿ ಡ್ರಮ್ಮರ್ ಮಿಕಿ ಹಾರ್ಟ್ ಮಾತಾಡುವುದನ್ನು ಕೇಳಿದರು. ಹಳೆಯ ರೆಕಾರ್ಡುಗಳು ಹಾಳಾಗುತ್ತಿವೆ, ನುಡಿಸಿದರೆ ಇನ್ನಷ್ಟು ಹಾಳಾಗುತ್ತವೆ ಅನ್ನೋ ಸಂಕಟ ಅದು. ಮುಟ್ಟದೆ ಅಳೆಯುವುದೇ ತನ್ನ ದಿನನಿತ್ಯದ ಕೆಲಸ ಅಲ್ವಾ ಅಂತ ಹೇಬರ್‌ಗೆ ಹೊಳೆಯಿತು. ಸಹೋದ್ಯೋಗಿ ವಿಟಾಲಿ ಫದೇಯೆವ್ ಜೊತೆ ಸೇರಿ ನಿಮಿಷಕ್ಕೆ 78 ಸುತ್ತು ತಿರುಗುವ ಒಂದು ಹಳೆಯ ಗ್ರಾಮಫೋನ್ ಪ್ಲೇಟಿನ ಮೇಲೆ ಪ್ರಯತ್ನಿಸಿದರು. ಆ ಹಾಡು ‘ಗುಡ್‌ನೈಟ್ ಐರೀನ್’. ಆಮೇಲೆ ಇಡೀ ಯಂತ್ರಕ್ಕೇ ಐರೀನ್ ಅಂತ ಹೆಸರಾಯಿತು.

ಪ್ಲೇಟಿನ ಮೇಲೆ ಸುತ್ತಿ ಸುತ್ತಿ ಹೋಗುವ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಂದು ಸಣ್ಣ ಕಾಲುವೆ. ದನಿ ಇದ್ದಲ್ಲಿ ಕಾಲುವೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ದನಿ ಇಲ್ಲದ ಕಡೆ ಸುಮ್ನೆ ಸಾಗುತ್ತದೆ. ಗ್ರಾಮಫೋನಿನ ಮುಳ್ಳು ಆ ಕಾಲುವೆಯಲ್ಲಿ ಉಜ್ಜಿಕೊಂಡು ಹೋಗುತ್ತದೆ, ಹೋದಾಗಲೆಲ್ಲ ಒಂದಿಷ್ಟು ಸವೆಸಿಯೇ ಹೋಗುತ್ತದೆ. ಕ್ಯಾಮೆರಾ ಸುತ್ತಲೂ ಚಿತ್ರ ತೆಗೆಯುತ್ತದೆ, ಸಾಫ್ಟ್‌ವೇರ್ ಕಾಲುವೆಯ ಎರಡೂ ದಡ ಹುಡುಕುತ್ತದೆ, ದಡ ಎಷ್ಟು ಓಲಾಡಿತು ಅಂತ ಲೆಕ್ಕ ಹಾಕಿ ಮುಳ್ಳು ಇದ್ದಿದ್ದರೆ ಹೇಗೆ ಅಲುಗಾಡುತ್ತಿತ್ತು ಅನ್ನೋದನ್ನು ಕಂಡುಕೊಳ್ಳುತ್ತದೆ. ಪ್ಲೇಟು ಒಡೆದು ಚೂರಾಗಿದ್ದರೂ ಚೂರುಗಳ ಚಿತ್ರ ತೆಗೆದು ಜೋಡಿಸಬಹುದು.

ಇನ್ನು ಗೀರು, ಧೂಳಿನ ಮಾತು. ಕಾಲುವೆಯ ಅಗಲ ಹೆಚ್ಚು ಕಮ್ಮಿ ಒಂದೇ. ದನಿಯಿಂದ ಓಲಾಡಿದರೆ ಎರಡೂ ದಡ ಜೊತೆಯಾಗಿ ಓಲಾಡುತ್ತವೆ. ಒಂದೇ ದಡ ಕಿತ್ತುಹೋದ ಹಾಗೆ ಕಂಡರೆ ಅದು ಹಾಡಿನದ್ದಾಗಿರೋಕೆ ಸಾಧ್ಯವಿಲ್ಲ, ಗೀರೇ ಇರಬೇಕು. ಆ ಜಾಗದ ಅಳತೆಯನ್ನು ಬಿಟ್ಟು, ಹಿಂದೆ ಮುಂದೆ ಸರಿಯಿರುವ ದಡದಿಂದ ಅಲ್ಲಿ ತುಂಬುತ್ತಾರೆ. ಕಣ ಭೌತಶಾಸ್ತ್ರದವರು ಡಿಟೆಕ್ಟರಿನಲ್ಲಿ ನಿಜವಾದ ಜಾಡು ಯಾವುದು, ಗದ್ದಲ ಯಾವುದು ಅಂತ ಬೇರ್ಪಡಿಸೋದೂ ಇಂಥದ್ದೇ ತರ್ಕದಿಂದ. ನನಗಂತೂ ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ಮೈ ಜುಮ್ಮೆಂದಿತು.

ಎಡಿಸನ್ ಕಾಲದ ಮೇಣದ ಸಿಲಿಂಡರುಗಳಲ್ಲಿ ಕಾಲುವೆ ಪಕ್ಕಕ್ಕೆ ಓಲಾಡುವುದಿಲ್ಲ, ಅದರ ತಳ ಮೇಲೆ ಕೆಳಗೆ ಆಗುತ್ತದೆ. ಮೇಲಿನಿಂದ ತೆಗೆದ ಫೋಟೋ ಸಾಲದು, ಆಳ ಬೇಕು. ಅದಕ್ಕೆ ಬಿಳಿ ಬೆಳಕನ್ನು ಒಂದು ವಿಶೇಷ ಲೆನ್ಸ್ ಮೂಲಕ ಬಿಡುತ್ತಾರೆ. ಅದು ಒಂದೊಂದು ಬಣ್ಣವನ್ನು ಒಂದೊಂದು ದೂರದಲ್ಲಿ ಕೂಡಿಸುತ್ತದೆ, ನೀಲಿ ಹತ್ತಿರ, ಕೆಂಪು ದೂರ. ಮೇಣದ ಮೇಲೆ ಯಾವ ಬಣ್ಣ ಸರಿಯಾಗಿ ಕೂಡಿತೋ ಅದೇ ಜೋರಾಗಿ ವಾಪಸ್ ಬರುತ್ತದೆ. ಬಂದ ಬಣ್ಣ ನೋಡಿದರೆ ಆಳ ಎಷ್ಟು ಅಂತ ಗೊತ್ತಾಯಿತು! ಹೀಗೆ ಒಂದೊಂದು ಚುಕ್ಕೆಯನ್ನೂ ಅಳೆಯಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ.

ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ದನಿ ನಮಗೆ ಸಿಕ್ಕಿದ್ದೂ ಇದೇ ದಾರಿಯಲ್ಲಿ. ಅವರ ವೋಲ್ಟಾ ಪ್ರಯೋಗಾಲಯದ ರೆಕಾರ್ಡುಗಳು ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿ ನೂರು ವರ್ಷಕ್ಕೂ ಜಾಸ್ತಿ ಮೌನವಾಗಿ ಕೂತಿದ್ದವು. ರಟ್ಟಿನ ಮೇಲೆ ಮೇಣ ಹಚ್ಚಿದ ಒಂದು ಪ್ಲೇಟಿನಲ್ಲಿ 1885ರ ಏಪ್ರಿಲ್ 15ರಂದು ಅವರು ಸಂಖ್ಯೆಗಳನ್ನು ಓದುತ್ತಾ ಹೋಗಿ, ಕೊನೆಗೆ ನನ್ನ ದನಿ ಕೇಳಿ, ಅಲೆಗ್ಸಾಂಡರ್ ಗ್ರಹಾಂ ಬೆಲ್ ಅನ್ನುತ್ತಾರೆ. 2013ರಲ್ಲಿ ಜಗತ್ತು ಅದನ್ನು ಕೇಳಿತು. ಅಲ್ಲೂ ಆಧಾರ ಇತ್ತು. ಏನು ಹೇಳಿದರು ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿದ ಕಾಗದ ಸಿಕ್ಕಿದ್ದರಿಂದಲೇ ಆ ದನಿ ಅವರದ್ದೇ ಅಂತ ಗಟ್ಟಿಯಾಗಿ ಹೇಳೋಕೆ ಆಗಿದ್ದು.

ಮ್ಯಾಗ್ನೆಟಿಕ್ ಟೇಪುಗಳ ಕಥೆ ಬೇರೆ. ಅಲ್ಲಿ ಕಣ್ಣಿಗೆ ಕಾಣುವ ಕಾಲುವೆಯೇ ಇಲ್ಲ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯವರು ಸಿಂಕ್ರೋಟ್ರಾನ್ ಅನ್ನೋ ದೊಡ್ಡ ಯಂತ್ರದ ಎಕ್ಸ್-ರೇ ಬಿಟ್ಟು ಟೇಪಿನ ಕಾಂತತ್ವವನ್ನೇ ಓದುತ್ತಿದ್ದಾರೆ. ಅದರ ಬಗ್ಗೆ ಇನ್ನೊಮ್ಮೆ ಬಿಡುವಾಗಿ ಬರೆಯಬೇಕು.

ಈಗ ಸದ್ದು ತೆಗೆಯುವ ಆ್ಯಪ್‌ಗಳು ಎಷ್ಟೋ ಬಂದಿವೆ. ಹಳೆ ರೆಕಾರ್ಡಿಂಗ್ ಕೊಟ್ಟರೆ ಚಕಚಕ ಅಂತ ಹೊಳೆಯುವ ದನಿ ಕೊಡುತ್ತವೆ. ಹಾಡು ಕೇಳಿ ಖುಷಿಪಡೋಕೆ ತೊಂದರೆ ಇಲ್ಲ. ಆದರೆ ಅಲ್ಲಿ ಎಷ್ಟು ಮೂಲದ್ದು, ಎಷ್ಟು ಯಂತ್ರ ಊಹಿಸಿ ತುಂಬಿದ್ದು ಅಂತ ಕೇಳಿದವರಿಗೆ ಗೊತ್ತಾಗುವುದಿಲ್ಲ. ಬರ್ಕ್‌ಲಿಯ ದಾರಿಯಲ್ಲಿ ಮೊದಲು ಅಳತೆ. ಚಿತ್ರ ಹಾಗೇ ಉಳಿದಿರುತ್ತದೆ, ನಾಳೆ ಯಾರಾದರೂ ಬಂದು ಇಲ್ಲಿ ತಪ್ಪಿದೆ ಅನ್ನಬಹುದು. ಕರಕರ ಸದ್ದು ಇದ್ದರೂ ಪರವಾಗಿಲ್ಲ, ನನಗೆ ಅದೇ ಬೇಕು.

ಯಾಕೆ ಇಷ್ಟು ಹಟ ಅಂದರೆ, ಅದೇ ಬರ್ಕ್‌ಲಿಯ ಹರ್ಸ್ಟ್ ಮ್ಯೂಸಿಯಂನಲ್ಲಿ ಸುಮಾರು 2,700 ಮೇಣದ ಸಿಲಿಂಡರುಗಳಿವೆ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಮತ್ತು ಅವರ ಜೊತೆಯವರು 1900ರಿಂದ 1938ರ ನಡುವೆ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಹಾಡು, ಕಥೆ, ಮಾತು ತುಂಬಿಸಿಕೊಂಡದ್ದು. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವು ಬಿರುಕು ಬಿಟ್ಟಿವೆ. ಅವುಗಳನ್ನೂ ಈ ಬೆಳಕಿನ ವಿಧಾನದಲ್ಲೇ ಅಳೆದರು. ಆ ಸಂಗ್ರಹದಲ್ಲಿ ಇಶಿ ಅನ್ನುವವರ ದನಿ ಇದೆ. ಯಾಹಿ ಜನರಲ್ಲಿ ಕೊನೆಯವರಾಗಿ ಉಳಿದು, 1911ರಲ್ಲಿ ಕಾಡಿನಿಂದ ಹೊರಗೆ ಬಂದು, 1916ರಲ್ಲಿ ತೀರಿಕೊಂಡವರು. ಅವರ ನಂತರ ಆ ಮಾತನ್ನು ಹುಟ್ಟಿನಿಂದ ಆಡಿದವರು ಯಾರೂ ಉಳಿಯಲಿಲ್ಲ. ಅವರ ಕಥೆಯ ನಡುವೆ ಒಂದು ಅಕ್ಷರ ಮಸುಕಾಗಿದ್ದು, ಸಾಫ್ಟ್‌ವೇರ್ ಅಲ್ಲಿ ತನಗೆ ತೋಚಿದ್ದನ್ನು ತುಂಬಿದರೆ, ನಾವು ಹಾಗೆ ಅನ್ನಲ್ಲ ಅಂತ ಹೇಳೋಕೆ ಈಗ ಒಬ್ಬರೂ ಇಲ್ಲ.